ಹಿಟ್ಟು ತಿಗಣೆಯೊಳಗಿನ ಕಪ್ಪು ಚುಕ್ಕಿ

ಪ್ರಶ್ನೆ: ಸರ್, ನಮಸ್ಕಾರ. ಸಿದ್ದಾಪುರದ ಹತ್ತಿರ ನಮ್ಮದೊಂದು ಚಿಕ್ಕ ರೋಬಸ್ಟಾ ತೋಟ ಇದೆ. ಮಗಳು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಾಳೆ. ಅವಳ ನೋಟ್ಸಿನಲ್ಲಿ ‘ಹೆಟೆರೊಕ್ರೋಮ್ಯಾಟಿನ್ ಎಂದರೆ ವರ್ಣತಂತುವಿನ ನಿಷ್ಕ್ರಿಯ ಭಾಗ, ಅಲ್ಲಿ ಜೀನ್‌ಗಳು ಸುಮ್ಮನಿರುತ್ತವೆ’ ಅಂತ ಒಂದೇ ಸಾಲು ಇದೆ. ಕೆಲಸ ಮಾಡದ ಭಾಗವಾದರೆ ಜೀವಕೋಶ ಅದನ್ನು ಯಾಕೆ ಇಟ್ಟುಕೊಂಡಿದೆ? ಜೀನ್ ಸುಮ್ಮನಾಗುವುದು ಅಂದರೆ ಏನು? ನಮ್ಮ ಮನೆಯ ಮೂರು ಬಣ್ಣದ ಬೆಕ್ಕಿಗೂ ಇದಕ್ಕೂ ಸಂಬಂಧ ಇದೆ ಅಂತ ಮಗಳು ಹೇಳುತ್ತಾಳೆ. ಹೌದಾ?

ಉತ್ತರ: ಬೆಕ್ಕಿನ ವಿಷಯದಲ್ಲಿ ಮಗಳು ಹೇಳಿದ್ದು ನಿಜ. ನೋಟ್ಸಿನ ಸಾಲು ಮಾತ್ರ ಅರ್ಧ ನಿಜ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನಾನೂ ಹೆಚ್ಚು ಕಡಿಮೆ ಅದೇ ಸಾಲು ಬರೆಸಿದ್ದೇನೆ. ಐದು ಅಂಕಕ್ಕೆ ಅಷ್ಟು ಸಾಕಾಗುತ್ತಿತ್ತು. ‘ನಿಷ್ಕ್ರಿಯ’ ಅನ್ನುವ ಪದ ಕೇಳಿದರೆ ಮೂಲೆಯಲ್ಲಿ ಬಿದ್ದಿರುವ ಹಳೆ ಸಾಮಾನಿನ ನೆನಪಾಗುತ್ತದೆ. ಇದು ಹಾಗೆ ಬಿದ್ದಿರುವುದಲ್ಲ. ಜೀವಕೋಶ ಇದನ್ನು ಮುಚ್ಚಿ ಇಟ್ಟಿದೆ. ಮುಚ್ಚುವುದಕ್ಕೆ, ಮುಚ್ಚಿದ್ದು ತೆರೆಯದ ಹಾಗೆ ಕಾಯುವುದಕ್ಕೆ ದಿನವೂ ದುಡಿಯುತ್ತದೆ.

ಇದು ಮೊದಲು ಕಣ್ಣಿಗೆ ಬಿದ್ದದ್ದು ಪಾಚಿಯಲ್ಲಿ. ಜೂನ್ ಬಂದರೆ ನಮ್ಮ ಮಡಿಕೇರಿಯ ಕಾಂಪೌಂಡ್ ಗೋಡೆಗಳ ಮೇಲೆ ಹಸಿರು ಮಖಮಲ್ ಹಾಗೆ ಹರಡುತ್ತದಲ್ಲ, ಆ ಜಾತಿಯ ಸಸ್ಯಗಳು. ಎಮಿಲ್ ಹೈಟ್ಸ್ ಎಂಬ ಸಸ್ಯವಿಜ್ಞಾನಿ ಅವುಗಳ ಕೋಶಗಳಿಗೆ ಕಾರ್ಮಿನ್ ಬಣ್ಣ ಹಾಕಿ, ಬಿಸಿ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಕೋಶ ಒಡೆದು ಎರಡಾಗುವಾಗ ವರ್ಣತಂತುಗಳು, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳು, ದಪ್ಪಗೆ, ಗಾಢವಾಗಿ ಕಾಣುತ್ತವೆ. ವಿಭಜನೆ ಮುಗಿದ ಮೇಲೆ ಬಿಚ್ಚಿಕೊಂಡು ಮಸುಕಾಗುತ್ತವೆ. ಆದರೆ ಕೆಲವು ತುಂಡುಗಳು ಬಿಚ್ಚಿಕೊಳ್ಳಲೇ ಇಲ್ಲ. ಕೋಶ ಆರಾಮಾಗಿ ಇದ್ದಾಗಲೂ ಕಪ್ಪಗೇ ಉಳಿದವು. 1928ರಲ್ಲಿ ಹೈಟ್ಸ್ ಅವಕ್ಕೆ ಹೆಟೆರೊಕ್ರೋಮ್ಯಾಟಿನ್ ಅಂತ ಹೆಸರಿಟ್ಟರು. ಬಿಚ್ಚಿಕೊಂಡು ಮಸುಕಾದ ಭಾಗ ಯೂಕ್ರೋಮ್ಯಾಟಿನ್. ಡಿಎನ್‌ಎಯ ಆಕಾರ ಗೊತ್ತಾಗುವುದಕ್ಕೆ ಇನ್ನೂ 25 ವರ್ಷ ಇತ್ತು ಆಗ. ಬರೀ ಬಣ್ಣ ನೋಡಿ, ಗಟ್ಟಿಯಾಗಿ ಮುದುಡಿದ ಕಡೆ ಜೀನ್‌ಗಳ ಕೆಲಸ ನಡೆಯುವುದಿಲ್ಲ ಅಂತ ಅಂದಾಜು ಮಾಡಿದ್ದರು. ಮುಕ್ಕಾಲು ಪಾಲು ಸರಿಯಾಗಿಯೇ ಇತ್ತು.

ಯಾಕೆ ಮುದುಡಬೇಕು? ಮನುಷ್ಯನ ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಇರಬೇಕಾದ ನ್ಯೂಕ್ಲಿಯಸ್ಸಿನ ಅಗಲ ಮಿಲಿಮೀಟರಿನ ನೂರೈವತ್ತರಲ್ಲಿ ಒಂದು ಪಾಲು. ಅದಕ್ಕೇ ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಒಂದು ಉಂಡೆಗೆ ಡಿಎನ್‌ಎಯ 147 ಅಕ್ಷರಜೋಡಿ, ಎರಡು ಸುತ್ತಿಗೆ ಸ್ವಲ್ಪ ಕಡಿಮೆ. ಉಂಡೆಗಳು ದೂರ ದೂರ ಇದ್ದರೆ ಜೀನ್ ಓದುವ ಯಂತ್ರಕ್ಕೆ ಜಾಗ ಸಿಗುತ್ತದೆ. ಒಂದಕ್ಕೊಂದು ಒತ್ತಿಕೊಂಡು ಗಡ್ಡೆ ಕಟ್ಟಿದರೆ ಸಿಗುವುದಿಲ್ಲ. ಅಕ್ಷರಗಳು ಅಲ್ಲೇ ಇರುತ್ತವೆ, ಒಂದೂ ಬದಲಾಗಿರುವುದಿಲ್ಲ. ಓದುವವರು ಹತ್ತಿರ ಬರಲು ಆಗುವುದಿಲ್ಲ, ಅಷ್ಟೇ. ಜೀನ್ ಸುಮ್ಮನಾಗುವುದು ಅಂದರೆ ಇದೇ.

ಎಲ್ಲಿ ಮುಚ್ಚಬೇಕು ಅಂತ ಕೋಶಕ್ಕೆ ಗೊತ್ತಾಗುವುದು ಹಿಸ್ಟೋನಿನ ಬಾಲದಿಂದ. ಪ್ರತಿ ಉಂಡೆಯಿಂದಲೂ ಸಣ್ಣ ಬಾಲಗಳು ಹೊರಗೆ ಚಾಚಿಕೊಂಡಿರುತ್ತವೆ. ಬಾಲ ಅಂದರೆ ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಪೋಣಿಸಿದ ಸರ. ಎಚ್3 ಎಂಬ ಹಿಸ್ಟೋನಿನ ಬಾಲದಲ್ಲಿ ಒಂಬತ್ತನೇ ಮಣಿ ಲೈಸೀನ್. ಅದಕ್ಕೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅಂಟಿದರೆ ಆ ಜಾಗ ಸಾಮಾನ್ಯವಾಗಿ ತೆರೆದಿರುತ್ತದೆ. ಅದೇ ಮಣಿಗೆ ಮೂರು ಮೀಥೈಲ್ ಗುಂಪು ಅಂಟಿದರೆ ಎಚ್‌ಪಿ1 ಎಂಬ ಪ್ರೋಟೀನ್ ಬಂದು ಕೂರುತ್ತದೆ, ಅಕ್ಕಪಕ್ಕದ ಉಂಡೆಗಳನ್ನು ಹತ್ತಿರ ಎಳೆಯುತ್ತದೆ. ಒಂದೇ ಮಣಿ, ಅದಕ್ಕೆ ಅಂಟಿದ ಗುರುತು ಬದಲಾದರೆ ನಡೆಯುವ ಕೆಲಸ ತಿರುಗುಮುರುಗು. ಮೀಥೈಲ್ ಅಂಟಿಸುವ ಕಿಣ್ವ ಯಾವುದು ಅಂತ ಗೊತ್ತಾದದ್ದು 2000ದಲ್ಲಿ, ವಿಯೆನ್ನಾದ ಥಾಮಸ್ ಯೆನುವೈನ್ ಅವರ ತಂಡದಿಂದ. ಹೈಟ್ಸ್ ಕಪ್ಪು ತುಂಡು ನೋಡಿ ಆಗಲೇ 72 ವರ್ಷ ಆಗಿತ್ತು.

ಎಚ್‌ಪಿ1 ಬಂದು ಕೂತರೆ ಕೆಲಸ ಅಲ್ಲಿಗೇ ನಿಲ್ಲುವುದಿಲ್ಲ. ಅದು ಮೀಥೈಲ್ ಅಂಟಿಸುವ ಕಿಣ್ವವನ್ನೇ ಮತ್ತೆ ಕರೆಯುತ್ತದೆ. ಕಿಣ್ವ ಪಕ್ಕದ ಉಂಡೆಗೂ ಗುರುತು ಹಾಕುತ್ತದೆ. ಅಲ್ಲಿಗೆ ಇನ್ನೊಂದು ಎಚ್‌ಪಿ1 ಬರುತ್ತದೆ. ಹೀಗೆ ಮುಚ್ಚುವಿಕೆ ಸಾಲಾಗಿ ಹಬ್ಬುತ್ತಾ ಹೋಗುತ್ತದೆ. ಸಂಜೆ ಗುಡ್ಡದಿಂದ ಮಂಜು ಇಳಿಯುವುದನ್ನು ನೋಡಿದ್ದೀರಲ್ಲ, ಒಂದು ದಿನ ಗೇಟಿನ ಹತ್ತಿರ ನಿಲ್ಲುತ್ತದೆ, ಇನ್ನೊಂದು ದಿನ ಅಂಗಳ ದಾಟಿ ಅಡುಗೆಮನೆ ಕಿಟಕಿಗೇ ಬರುತ್ತದೆ. ಹಾಗೇ ಇದು.

ಇದನ್ನು ಮೊದಲು ತೋರಿಸಿಕೊಟ್ಟದ್ದು ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣ. 1930ರಲ್ಲಿ ಹರ್ಮನ್ ಮುಲ್ಲರ್ ಎಕ್ಸ್-ರೇ ಬಿಟ್ಟ ನೊಣಗಳಲ್ಲಿ ಕೆಲವಕ್ಕೆ ವಿಚಿತ್ರ ಕಣ್ಣು ಬಂತು. ಕೆಂಪು ಕಣ್ಣಿನಲ್ಲಿ ಅಲ್ಲಲ್ಲಿ ಬಿಳಿ ತೇಪೆ. ಕೆಂಪು ಬಣ್ಣಕ್ಕೆ ಬೇಕಾದ ಜೀನ್ ಹಾಳಾಗಿರಲಿಲ್ಲ. ವರ್ಣತಂತು ಒಂದು ಕಡೆ ತುಂಡಾಗಿ, ತಿರುಗಿ ಕೂಡಿಕೊಂಡು, ಆ ಜೀನ್ ಹೆಟೆರೊಕ್ರೋಮ್ಯಾಟಿನ್ ಪಕ್ಕಕ್ಕೆ ಬಂದು ಕೂತಿತ್ತು. ಕೆಲವು ಕೋಶಗಳಲ್ಲಿ ಮಂಜು ಅದರ ಮೇಲೂ ಹಬ್ಬಿತು, ಕೆಲವಲ್ಲಿ ಮುಂಚೆಯೇ ನಿಂತಿತು. ಜೀನ್ ಮುಚ್ಚಿದ ಕೋಶದ ಸಂತಾನವೆಲ್ಲ ಬಿಳಿ, ಉಳಿದದ್ದೆಲ್ಲ ಕೆಂಪು. ಪಕ್ಕದ ಮನೆ ಬದಲಾದರೆ ಜೀನಿನ ಹಣೆಬರಹವೂ ಬದಲಾಗುತ್ತದೆ ಅಂತ ಆಯಿತು. ಆಮೇಲೆ ಬಂದವರು ಈ ತೇಪೆಯನ್ನು ಜಾಸ್ತಿ ಮಾಡುವ, ಕಡಿಮೆ ಮಾಡುವ ಜೀನ್‌ಗಳನ್ನು ಹುಡುಕಿದರು. ಮೇಲೆ ಹೇಳಿದ ಮೀಥೈಲ್ ಕಿಣ್ವ ಸಿಕ್ಕಿದ್ದು ಆ ಪಟ್ಟಿಯಿಂದಲೇ. ನೊಣದ ಕಣ್ಣಿನ ತೇಪೆ ಎಣಿಸುವುದರಿಂದ ಯಾರಿಗೆ ಏನು ಉಪಯೋಗ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

‘ಆ ಕೋಶದ ಸಂತಾನವೆಲ್ಲ’ ಅಂದೆನಲ್ಲ, ಅದೂ ಸುಮ್ನೆ ಆಗುವ ಮಾತಲ್ಲ. ಕೋಶ ಎರಡಾಗುವಾಗ ಡಿಎನ್‌ಎ ನಕಲಾಗುತ್ತದೆ. ಗುರುತಿದ್ದ ಹಳೆ ಹಿಸ್ಟೋನ್‌ಗಳು ಎರಡೂ ನಕಲಿಗೆ ಹಂಚಿಹೋಗುತ್ತವೆ. ಖಾಲಿ ಉಳಿದ ಜಾಗಕ್ಕೆ ಗುರುತಿಲ್ಲದ ಹೊಸ ಹಿಸ್ಟೋನ್ ಬರುತ್ತದೆ. ಅಂದರೆ ಗುರುತು ಅರ್ಧಕ್ಕೆ ತೆಳುವಾಯಿತು. ಆಗ ಕಿಣ್ವ ಹಳೆ ಗುರುತನ್ನು ನೋಡಿ ಪಕ್ಕದ ಹೊಸದಕ್ಕೂ ಹಾಕುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ನಿನ್ನೆಯ ಮೊಸರು ಒಂದು ಚಮಚ ಉಳಿದಿದ್ದರೆ ಇವತ್ತಿನ ಪಾತ್ರೆಯೂ ಮೊಸರಾಗುತ್ತದೆ. ಹೆಪ್ಪು ಹಾಕುವುದನ್ನು ಮರೆತರೆ ಬೆಳಿಗ್ಗೆಗೆ ಹಾಲು ಹಾಲೇ. ಜೀವಕೋಶವೂ ಹೀಗೆ ಪ್ರತಿ ವಿಭಜನೆಯಲ್ಲೂ ಹೆಪ್ಪು ಹಾಕಬೇಕು.

ಈಗ ನಿಮ್ಮ ತೋಟಕ್ಕೆ ಬರೋಣ. ರೋಬಸ್ಟಾ ಇದೆ ಅಂದಿರಿ, ಹಾಗಾದರೆ ಹಿಟ್ಟು ತಿಗಣೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಗೆಣ್ಣಿನಲ್ಲಿ, ಕಾಯಿಗೊಂಚಲಿನ ಸಂದಿಯಲ್ಲಿ ಬಿಳಿ ಹಿಟ್ಟು ಮೆತ್ತಿದ ಹಾಗೆ ಕೂತು ರಸ ಹೀರುವ ಮೀಲಿಬಗ್. ನೀವು ಬೈದು ಔಷಧಿ ಹೊಡೆಯುವ ಈ ಹುಳ ಹೆಟೆರೊಕ್ರೋಮ್ಯಾಟಿನ್ ಓದುವವರಿಗೆ ದೊಡ್ಡ ಆಸ್ತಿ. ಕಾಫಿಗೂ ಕಿತ್ತಳೆಗೂ ಬೀಳುವ ಪ್ಲಾನೊಕಾಕಸ್ ಸಿಟ್ರಿ ಎಂಬ ಜಾತಿಯ ಮೇಲಂತೂ ಬಹಳ ಕೆಲಸ ನಡೆದಿದೆ.

ಇದರ ಕೋಶದಲ್ಲಿ 10 ವರ್ಣತಂತು. ಐದು ಅಮ್ಮನಿಂದ, ಐದು ಅಪ್ಪನಿಂದ. ಗಂಡಿಗೂ ಹತ್ತು, ಹೆಣ್ಣಿಗೂ ಹತ್ತು. ನಮ್ಮ ಹಾಗೆ ಎಕ್ಸ್, ವೈ ಅಂತ ಬೇರೆ ಬೇರೆ ಇಲ್ಲ. ಹೆಣ್ಣಾಗುವ ಭ್ರೂಣದಲ್ಲಿ ಹತ್ತೂ ತೆರೆದಿರುತ್ತವೆ. ಗಂಡಾಗುವ ಭ್ರೂಣದಲ್ಲಿ, ಇನ್ನೂ ಕೋಶಗಳ ಒಂದು ಚೆಂಡಿನ ಹಾಗೆ ಇರುವ ಹಂತದಲ್ಲೇ, ಅಪ್ಪನಿಂದ ಬಂದ ಐದೂ ಮುದುಡಿ ಹೆಟೆರೊಕ್ರೋಮ್ಯಾಟಿನ್ ಆಗಿಬಿಡುತ್ತವೆ. ಐದೂ! ಒಂದು ಜೀನ್ ಅಲ್ಲ, ಒಂದು ತುಂಡಲ್ಲ, ಅಪ್ಪನ ಪಾಲು ಪೂರ್ತಿ. ಆಮೇಲೆ ಗಂಡು ವೀರ್ಯಾಣು ಮಾಡುವಾಗ ಆ ಮುದುಡಿದ ಪಾಲನ್ನು ಬಿಸಾಡುತ್ತದೆ, ಮಕ್ಕಳಿಗೆ ಅಮ್ಮನಿಂದ ಬಂದದ್ದನ್ನು ಮಾತ್ರ ದಾಟಿಸುತ್ತದೆ. ಅಜ್ಜನ ಆಸ್ತಿ ಮಗನ ಕಡೆಯಿಂದ ಮೊಮ್ಮಗನಿಗೆ ಬರುವುದೇ ಇಲ್ಲ. ಒಕ್ಕದ ಹೆಸರು, ಅಂದರೆ ಮನೆತನದ ಹೆಸರು, ಅಪ್ಪನಿಂದ ಬರುವ ನಮ್ಮ ಕೊಡಗಿನಲ್ಲಿ ಈ ಕಥೆ ಹೇಳಿದರೆ ಹಿರಿಯರು ‘ಎಂಥ ಹುಳ ಮಾರಾಯ’ ಅಂತ ನಗುತ್ತಾರೆ.

ಅಪ್ಪನ ಪಾಲು ನಿಜವಾಗಿಯೂ ಸುಮ್ಮನಿದೆ ಅಂತ ಹೇಗೆ ಗೊತ್ತು? 1961ರಲ್ಲಿ ಸ್ಪೆನ್ಸರ್ ಬ್ರೌನ್ ಮತ್ತು ವಾಲ್ಟರ್ ನೆಲ್ಸನ್-ರೀಸ್ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಗಂಡು ಹುಳಗಳಿಗೆ ಎಕ್ಸ್-ರೇ ಬಿಟ್ಟು, ವರ್ಣತಂತು ಹಾಳು ಮಾಡಿ, ಹೆಣ್ಣಿನ ಜೊತೆ ಸೇರಿಸಿದರು. ಹುಟ್ಟಬೇಕಾದ ಹೆಣ್ಣುಮಕ್ಕಳು ಸತ್ತವು. ಗಂಡುಮಕ್ಕಳು ಬದುಕಿದವು. ಹೆಣ್ಣಿನಲ್ಲಿ ಅಪ್ಪನ ಹಾಳಾದ ಜೀನ್‌ಗಳನ್ನು ಓದಲಾಗುತ್ತದೆ, ಕೆಡುಕು ಹೊರಗೆ ಬರುತ್ತದೆ. ಗಂಡಿನಲ್ಲಿ ಅವು ಮುಚ್ಚಿರುವುದರಿಂದ ಹಾಳಾದರೂ ಒಂದೇ, ಆಗದಿದ್ದರೂ ಒಂದೇ. ಎಷ್ಟು ಸರಳ ಲೆಕ್ಕ, ಅಲ್ವಾ? ಆದರೆ ಇಲ್ಲೊಂದು ಕೊಕ್ಕೆ ಇದೆ. ಎಕ್ಸ್-ರೇ ತೀರಾ ಜಾಸ್ತಿಯಾದಾಗ ಗಂಡುಮಕ್ಕಳು ಬದುಕಿದರೂ ಅವಕ್ಕೆ ಸಂತಾನ ಆಗುತ್ತಿರಲಿಲ್ಲ. ಅಂದರೆ ‘ಸುಮ್ಮನಿರುವ’ ಆ ಪಾಲಿನಿಂದಲೂ ಏನೋ ಒಂದು ಕೆಲಸ ಆಗಬೇಕಿತ್ತು. ಗಂಡಿನ ಕರುಳಿನಂಥ ಕೆಲವು ಅಂಗಗಳಲ್ಲಿ ಮುದುಡಿದ್ದು ಮತ್ತೆ ಬಿಚ್ಚಿಕೊಳ್ಳುವುದೂ ಉಂಟು. ಬೀಗ ಹಾಕಿದ್ದಾರೆ, ಕೀಲಿ ಎಸೆದಿಲ್ಲ.

ಈ ಹುಳದಿಂದ ಒಂದು ದಾರಿ ನಮ್ಮ ಬೆಂಗಳೂರಿಗೂ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಶರತ್ ಚಂದ್ರ ಅವರು ಹಿಟ್ಟು ತಿಗಣೆಯ ವರ್ಣತಂತುಗಳ ಮೇಲೆ ಕೆಲಸ ಮಾಡಿದವರು. ಇಲ್ಲಿ ಕಂಡದ್ದನ್ನು ಇಟ್ಟುಕೊಂಡು 1975ರಲ್ಲಿ ಅವರೂ ಬ್ರೌನ್ ಅವರೂ ಸೇರಿ ಸಸ್ತನಿಗಳ ಎಕ್ಸ್ ವರ್ಣತಂತುವಿನ ಬಗ್ಗೆ ಒಂದು ಲೇಖನ ಬರೆದರು. ಅಪ್ಪನಿಂದ ಬಂದದ್ದು, ಅಮ್ಮನಿಂದ ಬಂದದ್ದು ಅನ್ನುವ ಗುರುತು ವರ್ಣತಂತುವಿನ ಮೇಲೆ ಉಳಿಯುತ್ತದೆ ಅನ್ನುವ ಮಾತು ಇನ್ನೂ ಹೊಸದಾಗಿದ್ದ ಕಾಲ ಅದು.

ಸಸ್ತನಿಯ ಎಕ್ಸ್ ಅಂದ ಕೂಡಲೇ ನಿಮ್ಮ ಬೆಕ್ಕು ಬಂತು. 1949ರಲ್ಲಿ ಕೆನಡಾದ ಮುರ‍್ರೆ ಬಾರ್ ಮತ್ತು ಅವರ ವಿದ್ಯಾರ್ಥಿ ಇವಾರ್ಟ್ ಬರ್ಟ್ರಾಮ್ ಬೆಕ್ಕಿನ ನರಕೋಶ ನೋಡುತ್ತಾ, ಹೆಣ್ಣು ಬೆಕ್ಕಿನ ನ್ಯೂಕ್ಲಿಯಸ್ಸಿನಲ್ಲಿ ಒಂದು ಕಪ್ಪು ಚುಕ್ಕಿ ಕಂಡರು. ಗಂಡಿನಲ್ಲಿ ಅದು ಇರಲಿಲ್ಲ. ಅದು ಮುದುಡಿಕೊಂಡ ಒಂದು ಎಕ್ಸ್ ವರ್ಣತಂತು ಅಂತ 1959ರಲ್ಲಿ ಸುಸುಮು ಓನೊ ಹೇಳಿದರು. 1961ರಲ್ಲಿ ಮೇರಿ ಲಯನ್ ಪೂರ್ತಿ ಕಥೆ ಜೋಡಿಸಿದರು. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು. ಲೆಕ್ಕ ಸರಿಹೋಗಲಿ ಅಂತ ಹೆಣ್ಣು ಭ್ರೂಣದ ಪ್ರತಿ ಕೋಶವೂ ಎರಡರಲ್ಲಿ ಒಂದನ್ನು ಮುಚ್ಚುತ್ತದೆ. ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ. ಒಮ್ಮೆ ಎತ್ತಿದ ಮೇಲೆ ಆ ಕೋಶದ ಸಂತಾನಕ್ಕೆಲ್ಲ ಅದೇ ಚೀಟಿ.

ಬೆಕ್ಕಿನ ಕೇಸರಿ ಬಣ್ಣದ ಜೀನ್ ಇರುವುದು ಎಕ್ಸ್ ಮೇಲೆ. ಒಂದು ಎಕ್ಸ್ ಕೇಸರಿಯದು, ಇನ್ನೊಂದು ಅಲ್ಲದ್ದು ಇದ್ದರೆ, ಕೆಲವು ಜಾಗದ ಕೂದಲು ಕೇಸರಿ, ಕೆಲವು ಕಡೆ ಕಪ್ಪು. ಬಿಳಿ ಮಾತ್ರ ಬೇರೆ ಜೀನಿನ ಕೆಲಸ. ಮೂರು ಬಣ್ಣಕ್ಕೆ ಎರಡು ಎಕ್ಸ್ ಬೇಕು, ಅದಕ್ಕೇ ಅಂಥ ಬೆಕ್ಕು ಹೆಚ್ಚು ಕಡಿಮೆ ಯಾವಾಗಲೂ ಹೆಣ್ಣು. ಅಪರೂಪಕ್ಕೆ ಗಂಡು ಕಂಡರೆ ಅದಕ್ಕೆ ಸಾಮಾನ್ಯವಾಗಿ ಎರಡು ಎಕ್ಸ್, ಒಂದು ವೈ ಇರುತ್ತದೆ. ನಿಮ್ಮ ಬೆಕ್ಕು ಒಲೆ ಪಕ್ಕ ಮಲಗಿದಾಗ ಬೆನ್ನಿನ ತೇಪೆಗಳನ್ನು ಗಮನಿಸಿ ನೋಡಿ. ಒಂದೊಂದು ತೇಪೆಯೂ ಅದು ಹುಟ್ಟುವ ಮೊದಲೇ ಎತ್ತಿದ ಒಂದು ಚೀಟಿ.

ಆ ಬೀಗ ಎಷ್ಟು ಗಟ್ಟಿ ಅನ್ನುವುದಕ್ಕೂ ಬೆಕ್ಕೇ ಸಾಕ್ಷಿ. 2001ರ ಕೊನೆಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಮೊದಲ ತದ್ರೂಪಿ ಬೆಕ್ಕು ಹುಟ್ಟಿತು. ತಾಯಿಮೂಲ ಮೂರು ಬಣ್ಣದ ಬೆಕ್ಕು. ಮರಿಯಲ್ಲಿ ಕೇಸರಿ ಒಂದು ಚೂರೂ ಇರಲಿಲ್ಲ! ಮರಿ ಮಾಡಲು ತೆಗೆದ ಒಂದೇ ಒಂದು ಕೋಶದಲ್ಲಿ ಕೇಸರಿಯ ಎಕ್ಸ್ ಮುಚ್ಚಿತ್ತು, ಅದು ತೆರೆಯಲೇ ಇಲ್ಲ. ಡಿಎನ್‌ಎ ಅದೇ, ಬೆಕ್ಕು ಬೇರೆ.

ಎಕ್ಸ್ ಮುಚ್ಚುವ ವಿಧಾನ ನೊಣದ್ದಕ್ಕಿಂತ ಬೇರೆ. ಎಕ್ಸಿಸ್ಟ್ ಎಂಬ ಉದ್ದನೆಯ ಆರ್‌ಎನ್‌ಎ ಮುಚ್ಚಬೇಕಾದ ವರ್ಣತಂತುವಿನಿಂದಲೇ ಹುಟ್ಟಿ, ಅದನ್ನೇ ಹೊದಿಕೆಯ ಹಾಗೆ ಆವರಿಸುತ್ತದೆ. ಆಮೇಲೆ ಪಾಲಿಕೋಂಬ್ ಎಂಬ ಗುಂಪಿನ ಪ್ರೋಟೀನ್‌ಗಳು ಹಿಸ್ಟೋನಿನ 27ನೇ ಮಣಿಗೆ ಮೀಥೈಲ್ ಹಾಕುತ್ತವೆ. ಬೇಕಾದಾಗ ಮುಚ್ಚುವ ಈ ಥರದ್ದನ್ನು ಪಠ್ಯಪುಸ್ತಕಗಳು ಒಂದು ಬಗೆ ಅನ್ನುತ್ತವೆ, ಯಾವಾಗಲೂ ಮುಚ್ಚಿರುವುದು ಇನ್ನೊಂದು. ಪರೀಕ್ಷೆಗೆ ಮಗಳು ಎರಡನ್ನೂ ಬರೆಯಲಿ.

ಯಾವಾಗಲೂ ಮುಚ್ಚಿರುವುದು ಮುಖ್ಯವಾಗಿ ವರ್ಣತಂತುವಿನ ಸೊಂಟದ (ಸೆಂಟ್ರೋಮಿಯರ್) ಹತ್ತಿರ ಮತ್ತು ತುದಿಗಳಲ್ಲಿ. ‘ಯಾಕೆ ಇಟ್ಟುಕೊಂಡಿದೆ’ ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಸೊಂಟದಲ್ಲಿದೆ. ಕೋಶ ಒಡೆಯುವಾಗ ನಕಲಾದ ಎರಡು ಎಳೆಗಳು ಕೊನೆ ಗಳಿಗೆವರೆಗೂ ಜೊತೆಗೆ ಹಿಡಿದುಕೊಂಡಿರಬೇಕು, ಆಮೇಲೆ ಒಟ್ಟಿಗೆ ಬಿಟ್ಟು ಎರಡು ಕಡೆಗೆ ಹೋಗಬೇಕು. ಹಿಡಿದಿಡುವ ಅಂಟಿನಂಥ ಪ್ರೋಟೀನ್ ಸೊಂಟದ ಬಳಿ ಸಾಕಷ್ಟು ನಿಲ್ಲಬೇಕಾದರೆ ಅಲ್ಲಿ ಹೆಟೆರೊಕ್ರೋಮ್ಯಾಟಿನ್ ಬೇಕು. ಒಂಬತ್ತನೇ ಮಣಿಗೆ ಮೀಥೈಲ್ ಹಾಕುವ ಕಿಣ್ವ ಇಲ್ಲದ ಇಲಿಗಳನ್ನು 2001ರಲ್ಲಿ ಮಾಡಿ ನೋಡಿದರು. ಕೋಶಗಳಲ್ಲಿ ವರ್ಣತಂತುಗಳ ಲೆಕ್ಕ ತಪ್ಪಿತು, ಇಲಿಗಳಿಗೆ ಗೆಡ್ಡೆ ರೋಗ ಜಾಸ್ತಿಯಾಯಿತು.

ಇನ್ನೊಂದು ಕೆಲಸ ಕಾವಲು. ನಮ್ಮ ಡಿಎನ್‌ಎಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಜಾಗದಿಂದ ಜಾಗಕ್ಕೆ ನೆಗೆಯುವ ತುಂಡುಗಳ ಹಳೆಯ ಉಳಿಕೆ. ಮೆಕ್ಕೆಜೋಳದಲ್ಲಿ ಇವನ್ನು ಕಂಡುಹಿಡಿದ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಬಂತು. ಬಹುಪಾಲು ಸತ್ತಿವೆ, ಕೆಲವಕ್ಕೆ ಇನ್ನೂ ಜೀವ ಇದೆ. ಎಚ್ಚರವಾದರೆ ಯಾವ ಜೀನಿನ ನಡುವೆ ಹೋಗಿ ಬೀಳುತ್ತವೋ ಹೇಳಲಾಗದು. ಅವನ್ನು ಮಲಗಿಸಿ ಇಡುವುದು ಹೆಟೆರೊಕ್ರೋಮ್ಯಾಟಿನ್. ತಮಾಷೆ ಏನೆಂದರೆ, 2002ರಲ್ಲಿ ಒಂದು ಜಾತಿಯ ಯೀಸ್ಟಿನಲ್ಲಿ ಕಂಡ ಹಾಗೆ, ಮುಚ್ಚಬೇಕಾದ ಜಾಗವನ್ನು ಮೊದಲು ಸ್ವಲ್ಪ ಓದಬೇಕು. ಆ ಓದಿನಿಂದ ಬಂದ ಆರ್‌ಎನ್‌ಎಯನ್ನು ಚೂರು ಮಾಡಿ, ಆ ಚೂರುಗಳನ್ನೇ ವಿಳಾಸ ಮಾಡಿಕೊಂಡು ಕಿಣ್ವಗಳು ಬರುತ್ತವೆ. ಬಾಯಿ ಮುಚ್ಚಿಸುವ ಮುಂಚೆ ಒಂದು ಮಾತು ಆಡಿಸಬೇಕು.

ನೋಟ್ಸಿನ ‘ಜೀನ್‌ಗಳು ಸುಮ್ಮನಿರುತ್ತವೆ’ ಅನ್ನುವುದಕ್ಕೂ ಒಂದು ತಿದ್ದುಪಡಿ. ಹಣ್ಣುನೊಣದಲ್ಲಿ ಹೆಟೆರೊಕ್ರೋಮ್ಯಾಟಿನ್ ಒಳಗೇ ಇದ್ದುಕೊಂಡು ಕೆಲಸ ಮಾಡುವ ಜೀನ್‌ಗಳಿವೆ. ಅವನ್ನು ಅಲ್ಲಿಂದ ದೂರ ತೆರೆದ ಜಾಗಕ್ಕೆ ಒಯ್ದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ನೆರಳಿನಲ್ಲಿ ಬೆಳೆದ ಏಲಕ್ಕಿಯನ್ನು ಬಿಸಿಲಿಗೆ ತಂದು ನೆಟ್ಟ ಹಾಗೆ. ರಾತ್ರಿ ಓಡಾಡುವ ಇಲಿಯಂಥ ಪ್ರಾಣಿಗಳಂತೂ ಇದನ್ನು ಕಣ್ಣಿಗೇ ಬಳಸಿಕೊಂಡಿವೆ. ಬೆಳಕು ಹಿಡಿಯುವ ಕೋಶದಲ್ಲಿ ಹೆಟೆರೊಕ್ರೋಮ್ಯಾಟಿನ್ ಅಂಚಿನಲ್ಲಿರದೆ ನಡುವೆ ಗುಂಡಗೆ ಕೂತು ಚಿಕ್ಕ ಮಸೂರದ ಹಾಗೆ ಬೆಳಕನ್ನು ಕೂಡಿಸುತ್ತದೆ. 2009ರಲ್ಲಿ ಇದು ಗೊತ್ತಾದಾಗ ನಾನು ಎರಡು ಸಲ ಓದಿಕೊಂಡೆ.

ಮುಚ್ಚಬಾರದ್ದು ಮುಚ್ಚಿದರೆ ಕಾಯಿಲೆ. ಫ್ರೆಜೈಲ್ ಎಕ್ಸ್ ಎಂಬ ತೊಂದರೆಯಲ್ಲಿ ಒಂದು ಜೀನಿನ ಆರಂಭದಲ್ಲಿ ಮೂರಕ್ಷರದ ತುಂಡು ಮತ್ತೆ ಮತ್ತೆ ಬಂದು 200ಕ್ಕಿಂತ ಜಾಸ್ತಿಯಾದರೆ ಆ ಜೀನ್ ಮುಚ್ಚಿಹೋಗುತ್ತದೆ, ಮಗುವಿನ ಕಲಿಕೆಗೆ ಪೆಟ್ಟು ಬೀಳುತ್ತದೆ. ಪ್ರೋಟೀನಿನ ಅಕ್ಷರ ಒಂದೂ ಕೆಟ್ಟಿರುವುದಿಲ್ಲ. ಇದನ್ನೆಲ್ಲ ಕೇಳಿದ ಕೂಡಲೇ ‘ಜೀನ್ ಎಬ್ಬಿಸುವ’ ಪುಡಿ, ಕಷಾಯ ಮಾರುವವರು ಬರುತ್ತಾರೆ. ಹತ್ತಿರ ಸೇರಿಸಬೇಡಿ. ಯಾವ ಬೀಗ ತೆರೆಯಬೇಕು, ಯಾವುದು ಬೇಡ ಅಂತ ಕಷಾಯಕ್ಕೆ ಗೊತ್ತಿಲ್ಲ.

ಮಗಳಿಗೆ ಓದಿದ್ದಕ್ಕಿಂತ ನೋಡಿದ್ದು ಜಾಸ್ತಿ ನೆನಪಿರುತ್ತದೆ. ಬೇಸಿಗೆಯಲ್ಲಿ, ಹೂಮಳೆಯ ಸುತ್ತಮುತ್ತ, ಹಿಟ್ಟು ತಿಗಣೆ ಸಿಕ್ಕೇ ಸಿಗುತ್ತದೆ. ಹೊಟ್ಟೆ ತುಂಬಿದ ದಪ್ಪ ಹೆಣ್ಣನ್ನು ಆರಿಸಿ, ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಒಂದು ದಿನ ಇಡಲಿ. ಮೇಣದ ಹಿಟ್ಟೂ ಬಿಟ್ಟುಕೊಳ್ಳುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಹೊಟ್ಟೆ ಬಿಡಿಸಿ, ಒಳಗಿನ ಭ್ರೂಣಗಳನ್ನು ಅಸಿಟೋಕಾರ್ಮಿನ್ ಹನಿಯಲ್ಲಿ ಹಾಕಿ, ಹತ್ತು ನಿಮಿಷ ಬಿಟ್ಟು, ಕವರ್ ಸ್ಲಿಪ್ ಇಟ್ಟು, ಬ್ಲಾಟಿಂಗ್ ಪೇಪರಿನ ಮೇಲೆ ಹೆಬ್ಬೆರಳಿನಿಂದ ಅದುಮಲಿ. ಅದೇ ಹೈಟ್ಸ್ ಬಳಸಿದ ಬಣ್ಣ. ಕೆಲವು ಭ್ರೂಣಗಳಲ್ಲಿ ಎಲ್ಲ ನ್ಯೂಕ್ಲಿಯಸ್ ಒಂದೇ ಸಮ ಮಸುಕಾಗಿರುತ್ತವೆ, ಅವು ಹೆಣ್ಣು. ಇನ್ನು ಕೆಲವಲ್ಲಿ ಪ್ರತಿ ನ್ಯೂಕ್ಲಿಯಸ್ಸಿನಲ್ಲೂ ಒಂದು ಕಡುಗೆಂಪು, ಕಪ್ಪು ಅನ್ನುವಷ್ಟು ಗಾಢವಾದ ಚುಕ್ಕಿ ಕಾಣುತ್ತದೆ. ಅದು ಅಪ್ಪನ ಪಾಲು.

ನಾನು ಮೊದಲ ಸಲ ನೋಡಿದ್ದು ಮಳೆಗಾಲದಲ್ಲಿ. ಎಲ್ಲ ನ್ಯೂಕ್ಲಿಯಸ್ಸಿನಲ್ಲೂ ಚುಕ್ಕಿ, ಚುಕ್ಕಿಯ ಸುತ್ತ ಎಳೆ ಎಳೆ. ಅರ್ಧ ದಿನ ಚಿತ್ರ ಬರೆದೆ. ಆಮೇಲೆ ನೋಡಿದರೆ ಅದು ಲೆನ್ಸಿಗೆ ಹಿಡಿದ ಬೂಷ್ಟು. ಸ್ಲೈಡ್ ಸರಿಸಿದರೆ ಚುಕ್ಕಿ ಅದರ ಜೊತೆಗೇ ಸರಿಯುತ್ತದಾ ಅಂತ ಮಗಳು ಮೊದಲು ನೋಡಿಕೊಳ್ಳಲಿ. ಹುಳ ಹಿಡಿಯುವಾಗಲೂ ಹುಷಾರು. ತಿಗಣೆಯ ಸಿಹಿ ರಸಕ್ಕೆ ಇರುವೆ ಕಾವಲು ಕೂತಿರುತ್ತದೆ, ಕೆಂಜಿಗದ ಗೂಡಿದ್ದ ಗಿಡಕ್ಕೆ ಬರಿಗೈ ಹಾಕುವುದು ಬೇಡ.